ಮನ್ನಾ ರದ್ದು

“ನಿಮ್ಮ ಸಾಲ ಮನ್ನಾ ಆಗಿದ್ದೇ ತಪ್ಪಿನಿಂದ ಮೇಡಂ,” ಎಂದ ಸಾಲ ಕೊಟ್ಟ ಕಚೇರಿಯ ಗುಮಾಸ್ತ. “ನಿಮ್ಮ ಹೆಸರಿನವರೇ ಇನ್ನೊಬ್ರು ಇದ್ರು. ತೀರ್ಕೊಂಡ್ರು. ಅವರ ಸಾಲ ತೆಗೆಯೋ ಬದಲು ನಿಮ್ಮದು ತೆಗೆದುಬಿಟ್ಟಿದ್ದಾರೆ.”

ಬೆಳಗಿನ ಪಾಳಿ ಮುಗಿಸಿ ನೇರ ಆಸ್ಪತ್ರೆಯಿಂದ ಬಂದಿದ್ದ ನರ್ಸ್ ಕುರ್ಚಿಯ ಬೆನ್ನು ಹಿಡಿದು ನಿಂತಳು. ಓದಿಗೆಂದು ಮಾಡಿದ ಸಾಲ. ಪೂರ್ತಿ ಮನ್ನಾ ಎಂದು ಪತ್ರ ಬಂದು ಎರಡೂವರೆ ವರ್ಷವಾಗಿತ್ತು. ಅದರ ಬೆನ್ನಿಗೇ ತೆರಿಗೆ ಕಚೇರಿಯಿಂದ ಇನ್ನೊಂದು: ಮನ್ನಾ ಆದದ್ದೂ ಆದಾಯವೇ, ತೆರಿಗೆ ಕಟ್ಟಿ. ಪೀಡೆ ಕಳೆಯಿತಲ್ಲ ಎಂದು ಗಂಡ ಹೆಂಡತಿ ಸ್ಕೂಟರ್ ಮಾರಿ ಕಟ್ಟಿದ್ದರು.

“ಹಾಗಾದ್ರೆ ಆ ತೆರಿಗೆ?” ಗಂಡ ಕೇಳಿದ.

“ಅದು ನಮ್ಮದಲ್ಲ ಸಾರ್. ಅಲ್ಲಿ ಅರ್ಜಿ ಕೊಡಿ, ವಾಪಸ್ ಬರಬಹುದು. ನಿಧಾನ ಆಗುತ್ತೆ.”

“ಸಾಲದ ಕಂತು?”

“ಅದು ಮುಂದಿನ ತಿಂಗಳಿಂದಾನೇ. ನಡುವಿನ ಬಡ್ಡಿ ಸೇರಿ. ಕಟ್ಟದಿದ್ರೆ ಕೋರ್ಟಿಗೆ ಹೋಗ್ತಾರೆ.”

“ತಪ್ಪು ನಿಮ್ಮದು, ಬಡ್ಡಿ ನಮಗಾ?” ಗಂಡನ ದನಿ ಏರಿತು. ನರ್ಸ್ ಅವನ ಮೊಣಕೈ ಅದುಮಿದಳು. ರೋಗಿಗಳ ಕಡೆಯವರು ದಿನವೂ ತನ್ನ ಮೇಲೆ ಕೂಗಾಡುವುದು ಹೀಗೆಯೇ. ಈಚೆ ನಿಂತು ಕೂಗಲು ಅವಳಿಗೆ ತ್ರಾಣವಿರಲಿಲ್ಲ.

ಗುಮಾಸ್ತ ಅತ್ತಿತ್ತ ನೋಡಿ ಒಂದು ಫಾರಂ ಮುಂದೆ ಸರಿಸಿದ. “ನೋಡಿ ಅಕ್ಕಾ, ಮನ್ನಾ ಆಯ್ತು ಅಂತ ನಂಬಿ ಏನಾದ್ರೂ ದೊಡ್ಡ ಹೆಜ್ಜೆ ಇಟ್ಟಿದ್ರೆ ಇಲ್ಲಿ ಬರೀರಿ. ಮನೆ ತಗೊಂಡಿದ್ದು, ಕೆಲಸ ಬಿಟ್ಟಿದ್ದು, ಅಂಥದ್ದು. ಹಿಂದಕ್ಕೆ ತಗೊಳ್ಳೋಕೆ ಆಗದ್ದಾಗಿರಬೇಕು. ಬಡ್ಡಿಯಾದ್ರೂ ಬಿಟ್ಟಾರು.”

ಇಬ್ಬರ ಕಣ್ಣೂ ಗಂಡನ ಹೆಗಲ ಮೇಲೆ ಬಾಯಿ ತೆರೆದು ಮಲಗಿದ್ದ ಮಗಳತ್ತ ಹೋಯಿತು. ಮದುವೆಯಾದ ಮೇಲೆ ಆರು ವರ್ಷ, ಸಾಲ ತೀರಲಿ ಆಮೇಲೆ ನೋಡೋಣ ಎಂದೇ ತಳ್ಳುತ್ತ ಬಂದಿದ್ದರು. ಅತ್ತೆ ಕೇಳಿ ಕೇಳಿ ಸುಮ್ಮನಾಗಿದ್ದರು. ಆ ಪತ್ರ ಕೈಗೆ ಬಂದ ದಿನ ಗಂಡ ಅಂದದ್ದು ಒಂದೇ ಮಾತು: “ಇನ್ನೇನು ಅಡ್ಡಿ?”

“ಬರಿ,” ಎಂದ ಗಂಡ ಈಗ, ಮೆಲ್ಲಗೆ.

ಅವಳು ಬರೆದಳು: ‘ಸಾಲ ಹೋಯಿತೆಂದು ನಂಬಿ ಮಗು ಪಡೆದೆವು. ಈಗ ಒಂದೂವರೆ ವರ್ಷ.’

ಗುಮಾಸ್ತ ಓದಿದ. “ಜನನ ಪತ್ರದ ನಕಲು ಲಗತ್ತಿಸಿ ಅಕ್ಕಾ. ಇದು ಫೈಲಲ್ಲಿ ಖಾಯಂ ಇರುತ್ತೆ.”

“ಖಾಯಂ ಆಗಾ?”

“ಹೂಂ. ಯಾರು ಕೇಳಿದ್ರೂ ತೆಗೆದು ತೋರಿಸಬೇಕಾಗುತ್ತೆ.”

ನರ್ಸ್ ಫಾರಂ ವಾಪಸ್ ಎಳೆದುಕೊಂಡು, ಬರೆದ ಸಾಲು ಕಾಣದ ಹಾಗೆ ಪೆನ್ನಿನಿಂದ ಗೀಚಿ ಗೀಚಿ ಅಳಿಸಿದಳು. ಕಾಗದ ಹರಿಯಿತು.

“ಏನೇ ಇದು?” ಗಂಡ ಗಾಬರಿಯಾದ.

“ಬಡ್ಡಿ ಕಟ್ಟೋಣ ಬಿಡಿ,” ಎಂದಳು. “ಮುಂದೆ ಇವಳು ಇದನ್ನ ಓದಿ, ತಾನು ಯಾರದೋ ತಪ್ಪಿನಿಂದ ಹುಟ್ಟಿದವಳು ಅಂದ್ಕೊಳ್ಳೋದು ಬೇಡ.”