ಗುಂಡು ಬಿದ್ದ ಜಾಗ

"ಇಗೋ ನೋಡಿ, ವೈರಿಯ ಗುಂಡು ಬಂದು ಬಡಿದದ್ದು ಇಲ್ಲೇ!" ಗೈಡ್ ಕೋಟೆಗೋಡೆಯ ಗುಳಿಗೆ ಅಂಗೈ ಒತ್ತಿ ನಿಂತ. ಹಿಂದೆ ಸಮುದ್ರ, ಮುಂದೆ ಟೋಪಿ ಹಾಕಿದ ಪ್ರವಾಸಿಗಳು. "ಒಂದೇ ರಾತ್ರೀಲಿ ನೂರಾರು ಹೆಣ ಬಿದ್ವು. ಈ ಕಲ್ಲುಗಳು ರಕ್ತ ಕುಡಿದಿವೆ ಸ್ವಾಮಿ!"

ಸತ್ಯದ ತಲೆಯ ಮೇಲೆ ಹೊಡೆದ ಹಾಗೆ ಸುಳ್ಳು ಹೇಳುವುದರಲ್ಲಿ ಅವನದು ಎತ್ತಿದ ಕೈ. ಎಲ್ಲರೂ ಗುಳಿಗೆ ಬೆರಳಿಟ್ಟು ಫೋಟೊ ತೆಗೆಸಿಕೊಂಡು ಜ್ಯೂಸ್ ಅಂಗಡಿಯತ್ತ ನಡೆದರು. ಒಬ್ಬ ಅಜ್ಜಿ ಮಾತ್ರ ಉಳಿದಳು, ಜೊತೆಗೆ ಅವಳ ಸೊಸೆ. ಅಜ್ಜಿಯ ಕೈ ಆ ಗುಳಿಯನ್ನು ಸವರುತ್ತಲೇ ಇತ್ತು.

"ಇದರ ಹಿಂದೆ ನಿಂತಿದ್ದವನಿಗೆ ಎಷ್ಟು ವಯಸ್ಸಪ್ಪಾ?"

ಇಂಥ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. "ಇಪ್ಪತ್ತೋ ಇಪ್ಪತ್ತೆರಡೋ ಇರ್ಬಹುದಮ್ಮ."

"ಅವನ ತಾಯಿಗೆ ಯಾರು ಹೋಗಿ ಹೇಳಿದ್ರು?"

ಗೈಡ್ ತಬ್ಬಿಬ್ಬಾಗಿ ಸೊಸೆಯ ಮುಖ ನೋಡಿದ. "ನಮ್ಮ ಯಜಮಾನ್ರು ಗಡಿ ಕಾಯೋಕೆ ಹೋಗಿದ್ರು," ಎಂದಳು ಅವಳು ಮೆಲ್ಲಗೆ. "ಹೋದ ವರ್ಷ ಸುದ್ದಿ ಬಂತು. ಅತ್ತೆಗೆ ಅವರೊಬ್ಬರೇ ಮಗ."

ಇದ್ದದ್ದು ಇದ್ದ ಹಾಗೆ ಹೇಳಿದರೆ, ಆ ಜ್ಯೂಸ್ ಕುಡಿಯುತ್ತಿರುವವರೆಲ್ಲ ನಕ್ಕಾರು. ನಾಳೆಯಿಂದ ತನ್ನನ್ನು ಯಾರೂ ಕರೆಯಲಿಕ್ಕಿಲ್ಲ. ಆದರೆ ಅಜ್ಜಿಯ ಕಣ್ಣು ತುಂಬಿತ್ತು. ಗೈಡ್ ಒಂದು ಹೆಜ್ಜೆ ಹತ್ತಿರ ಬಂದ. ಅತ್ತಿತ್ತ ನೋಡಿ ದನಿ ತಗ್ಗಿಸಿದ.

"ಅಮ್ಮಾ, ಯಾರಿಗೂ ಹೇಳ್ಬೇಡಿ. ಇಲ್ಲಿ ಯುದ್ಧಾನೇ ಆಗಿಲ್ಲ. ವೈರಿ ಹಡಗು ಈ ಕಡೆ ತಲೆಹಾಕಿಯೂ ಮಲಗ್ಲಿಲ್ಲ. ಈ ಗುಳಿ, ರಿಪೇರಿಗೆ ಕಲ್ಲು ತಂದ ಲಾರಿ ರಿವರ್ಸ್ ತಗೊಳ್ಳೋವಾಗ ಗುದ್ದಿದ್ದು."

"ಮತ್ತೆ ಇಲ್ಲಿ ಕಾವಲಿದ್ದ ಹುಡುಗ್ರು?"

"ಎಲ್ರೂ ಮನೆಗೆ ಹೋದ್ರಮ್ಮ. ಸಮುದ್ರ ನೋಡ್ತಾ ಆಕಳಿಸಿ, ಸೊಳ್ಳೆ ಕೈಲಿ ಕಚ್ಚಿಸ್ಕೊಂಡು, ಕೂತು ತಿಂದು ಹೊಟ್ಟೆ ಬೆಳೆಸ್ಕೊಂಡು ಮನೆಗೆ ಹೋದ್ರು."

ಅಜ್ಜಿ ನಕ್ಕುಬಿಟ್ಟಳು. ಸೊಸೆ ಬೆರಗಾಗಿ ನೋಡಿದಳು. ಆ ನಗು ಕೇಳಿ ವರ್ಷವಾಗಿತ್ತು. ಅಜ್ಜಿ ಗುಳಿಯೊಳಗಿನ ಧೂಳನ್ನು ಬೆರಳಿನಿಂದ ಒರೆಸಿದಳು, ಮಗುವಿನ ಮೂತಿ ಒರೆಸಿದ ಹಾಗೆ. ಆಮೇಲೆ ಗೈಡನ ಕೈ ಹಿಡಿದು ಕೇಳಿದಳು:

"ನನ್ನ ಮಗನ್ನೂ ಇಂಥ ಕೋಟೆಗೇ ಹಾಕ್ಬಾರ್ದಿತ್ತೇನಪ್ಪಾ?"