ಕೊಳ್ಳುವವರ ಸಾಲು

ಫೋನಿನ ಪರದೆಯಲ್ಲಿದ್ದ ‘ಮಾರು’ ಎಂಬ ಗುಂಡಿಯ ಮೇಲೆ ಸಿದ್ದರಾಜುವಿನ ಹೆಬ್ಬೆರಳು ಇನ್ನೇನು ಇಳಿಯಬೇಕು, ಹೆಂಡತಿ ಸವಿತ ಅವನ ಕೈ ಹಿಡಿದುಕೊಂಡಳು. ಕಂಪಲಾಪುರದ ಹರಾಜು ಕಟ್ಟೆಯಲ್ಲಿ ತಮ್ಮ ಹೊಗೆಸೊಪ್ಪಿನ ಬೇಲ್‌ಗಳ ಪಕ್ಕ ನಿಂತಿದ್ದರು ಇಬ್ಬರೂ.

“ಬುಡಮ್ಮಿ. ಬಡ್ಡಿ ಏರ್ಸವ್ರಂತೆ. ಎಲ್ರೂ ಷೇರು ಮಾರಿ ದುಡ್ಡ ಬ್ಯಾಂಕಿಗೆ ಆಕ್ತಾವ್ರೆ. ನಮ್ ಮ್ಯೂಚುವಲ್ ಫಂಡು ಪೂರ್ತಿ ಕೆಂಪಾಗಿ ಲಾಸಾಗ್ಬುಟ್ಟದೆ. ರೇಟು ಬೀಳುವಾಗ ಮೊದ್ಲು ಮಾರ್ದೋನೇ ಬಚಾವಾಗೋದು.” ಈ ಕಟ್ಟೆ ಅವನಿಗೆ ಕಲಿಸಿದ್ದು ಅದೊಂದನ್ನೇ.

ಸವಿತ ಗದ್ದದಿಂದಲೇ ಎದುರಿನ ಸಾಲು ತೋರಿಸಿದಳು. ಅಲ್ಲಿ ಕಂಪನಿಯ ಖರೀದಿದಾರನೊಬ್ಬ, ನಿನ್ನೆಗಿಂತ ಕಡಿಮೆ ಬೆಲೆಗೆ ಒಳ್ಳೆಯ ಸೊಪ್ಪು ಸಿಕ್ಕಿತೆಂದು ಮೀಸೆಯಡಿ ನಗುತ್ತಿದ್ದ.

“ಅವ್ನ್ಯಾಕೆ ನಗ್ತಾವ್ನೆ, ಯೇಳಿ?”

“ಕೊಳ್ಳೋನಿಗೇನು, ಅಗ್ಗ ಆದಷ್ಟೂ ಹಬ್ಬ.”

“ಮತ್ತೆ ತಿಂಗ್ಳು ತಿಂಗ್ಳು ಫಂಡಿಗೆ ಕಂತು ಕಟ್ಟಿ ನಾವು ಮಾಡ್ತಿರೋದೇನು, ಮಾರೋದಾ, ಕೊಳ್ಳೋದಾ? ಮಗಳು ಕಾಲೇಜು ಸೇರೋಕೆ ಇನ್ನೂ ಹತ್ತು ವರ್ಷ ಅದೆ ಕಣ್ರೀ. ಅಲ್ಲೀಗಂಟ ನಾವೂ ಕೊಳ್ಳೋರೇ.”

ಸಿದ್ದರಾಜು ಫೋನನ್ನೊಮ್ಮೆ, ಆ ಮೀಸೆಯನ್ನೊಮ್ಮೆ ನೋಡಿದ. ಬುದ್ಧಿ ಬಂದಾಗಿನಿಂದ ಮಾರುವವರ ಸಾಲಿನಲ್ಲೇ ನಿಂತವನಿಗೆ, ಫೋನಿನೊಳಗೆ ತಾನು ಆಚೆಯ ಸಾಲಿಗೆ ದಾಟಿದ್ದು ಗೊತ್ತೇ ಆಗಿರಲಿಲ್ಲ. ಎದೆಯಿಂದ ಎದ್ದ ನಗು ತಡೆಯಲಾಗಲಿಲ್ಲ. ಫೋನನ್ನು ಜೇಬಿಗಿಳಿಸಿ, ಪಂಚೆ ಎತ್ತಿ ಕಟ್ಟಿ, “ರೇಟು ಇನ್ನೊಸಿ ಬೀಳ್ಲಿ ಬುಡು” ಎಂದು ಗಟ್ಟಿಯಾಗಿಯೇ ಅಂದುಬಿಟ್ಟ.

ಅಕ್ಕಪಕ್ಕದಲ್ಲಿ ಸೊಪ್ಪು ಮಾರಲು ನಿಂತಿದ್ದ ರೈತರೆಲ್ಲ ಒಟ್ಟಿಗೆ ತಿರುಗಿ ಅವನನ್ನು ದುರುಗುಟ್ಟಿಕೊಂಡು ನೋಡಿದರು.