ನಡುಗುವ ಕೈಗೆ ಸಿಕ್ಕ ಮೀನು

ವಲೇರಿಯನ್ ಸೆರಾವೊ… ಗಾಳ ಹಾಕುವವರ ಲೋಕದಲ್ಲಿ ಈ ಹೆಸರು ಕೇಳದವರಿಲ್ಲ.

ಮಂಗಳೂರಿನ ಈ ಮನುಷ್ಯನಿಗೆ ಮೀನು ಹಿಡಿಯುವುದು ಹವ್ಯಾಸವಲ್ಲ, ವೃತ್ತಿ. ಗೋವಾ, ಅಂಡಮಾನ್, ಥಾಯ್ಲೆಂಡ್, ಮಲೇಷ್ಯಾ… ಎಲ್ಲಿ ಸೀಬಾಸ್ ಮೀನು ಹಿಡಿಯುವ ಸ್ಪರ್ಧೆ ನಡೆದರೂ ಅಲ್ಲಿ ವಲೇರಿಯನ್ ಹಾಜರು.

ಸ್ಪರ್ಧೆಯ ನಿಯಮ ಸರಳ. ಹಿಡಿದ ಮೀನನ್ನು ಅಳೆದು, ಫೋಟೊ ತೆಗೆದು, ಮತ್ತೆ ನೀರಿಗೆ ಬಿಡಬೇಕು. ಯಾರ ಮೀನು ಉದ್ದವೋ ಅವರಿಗೆ ಕಪ್.

"ಅವನು ನೀರು ನೋಡಿದ್ರೆ ಸಾಕು, ಮೀನು ಎಲ್ಲುಂಟು ಅಂತ ಹೇಳ್ತಾನೆ" ಎಂದು ಎದುರಾಳಿಗಳೇ ಹೊಗಳುತ್ತಿದ್ದರು.

ಅಂಥವನ ಬಲಗೈ, ಐವತ್ತರ ಹೊಸ್ತಿಲಲ್ಲಿ, ನಡುಗಲು ಶುರುವಾಯಿತು.

ಮೊದಮೊದಲು ಸಣ್ಣಗೆ… ಆಮೇಲೆ ಗಂಜಿಯ ಬಟ್ಟಲು ಎತ್ತಿದರೆ ಅಂಗಿ ಮೇಲೆ ಚೆಲ್ಲುವಷ್ಟು.

"ಜೀವಕ್ಕೇನೂ ಅಪಾಯ ಇಲ್ಲ. ಮಾತ್ರೆಯಲ್ಲಿ ಸ್ವಲ್ಪ ಕಡಿಮೆ ಆದೀತು. ಪೂರ್ತಿ ಹೋಗ್ತದೆ ಅಂತ ಹೇಳ್ಲಿಕ್ಕೆ ಆಗುದಿಲ್ಲ" ಎಂದರು ಡಾಕ್ಟರು.

ವಲೇರಿಯನ್ ಈ ವಿಷಯವನ್ನು ಹೆಂಡತಿಗಲ್ಲದೆ ಬೇರೆ ಯಾರಿಗೂ ಹೇಳಲಿಲ್ಲ. ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು, ಹಲ್ಲು ಕಚ್ಚಿ ಗಾಳ ಬೀಸತೊಡಗಿದ.

ಕೈ ಕಲ್ಲಿನಂತೆ ಬಿಗಿದುಕೊಂಡಿದ್ದರೆ ಗಾಳ ಬೇಕಾದಲ್ಲಿ ಬೀಳುತ್ತದೆಯೇ? ಒಂದರ ಹಿಂದೆ ಒಂದು ಸೋಲು…

"ವಲಿಯ ಕಾಲ ಮುಗೀತು ಮಾರಾಯ" ಎಂಬ ಪಿಸುಮಾತು ಅವನ ಕಿವಿಗೂ ಬಿತ್ತು.

ಕೊನೆಗೆ ತನ್ನೂರಿನ ಹಿನ್ನೀರಿನಲ್ಲೇ ಒಂದು ದೊಡ್ಡ ಸ್ಪರ್ಧೆ ಬಂತು. ಇದೇ ಕಡೆಯದು ಎಂದು ನಿರ್ಧರಿಸಿದ. ಬಹುಮಾನ ಕೊಡುವ ವೇದಿಕೆಯಲ್ಲಿ ಎರಡು ಮಾತಾಡಿ ವಿದಾಯ ಹೇಳಿಬಿಡುವುದು…

ಅಂದು ಬೆಳಿಗ್ಗೆ ಹೆಂಡತಿ ಜೆಸಿಂತಾ ಅವನ ಅಂಗಿಯ ಗುಂಡಿ ಹಾಕುತ್ತಾ ಹೇಳಿದಳು:

"ಬಿಡುದಾದ್ರೆ ಬಿಡಿ, ನಾನು ಬೇಡ ಹೇಳುದಿಲ್ಲ. ಆದ್ರೆ ಒಂದು ಮಾತು… ನೀವೀಗ ಮೀನು ಹಿಡಿಯುದೇ ಇಲ್ಲ. ಇಡೀ ದಿನ ನಿಮ್ಮ ಕೈಯನ್ನೇ ಹಿಡ್ಕೊಂಡಿರ್ತೀರಿ."

ವಲೇರಿಯನ್ ಗಾಳದ ಕೋಲು ಎತ್ತಿಕೊಂಡು ಹೊರಟ. ಮಾತು ಮಾತ್ರ ಎದೆಗೆ ನಾಟಿತು.

ಅಂದು ನೀರು ಕಲಕಿ ಮಬ್ಬಾಗಿತ್ತು. ದೊಡ್ಡ ಮೀನುಗಳೆಲ್ಲ ದಡದಲ್ಲಿ ನೀರಿಗೇ ಬೇರಿಳಿಸಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರಿನ ಸಂದಿಯಲ್ಲಿ ಅಡಗಿ ಕೂತಿದ್ದವು.

ಎಲ್ಲರೂ ಗಾಳಕ್ಕೆ ಮೀನಿನಾಕಾರದ ರಬ್ಬರ್ ತುಂಡು ಸಿಕ್ಕಿಸಿ, ಎಸೆದು, ಸರಸರನೆ ಎಳೆದರು… ದೊಡ್ಡದೊಂದೂ ಹೊರಗೆ ಬರಲಿಲ್ಲ. ಸಿಕ್ಕಿದ್ದೆಲ್ಲ ಮರಿಗಳೇ.

ದೋಣಿ ನಡೆಸುವ ರಝಾಕ್ ಗಡಿಯಾರ ನೋಡಿದ. "ವಲಿಯಣ್ಣ, ಇನ್ನು ಸ್ವಲ್ಪವೇ ಹೊತ್ತು ಇರುದು. ಎಂತ ಮಾಡುವ?"

ವಲೇರಿಯನ್ ತನ್ನ ಬಲಗೈ ನೋಡಿದ. ಪಕ್ಕೆಗೊತ್ತಿದ್ದ ಮೊಣಕೈಯನ್ನು ಮೆಲ್ಲಗೆ ಸಡಿಲ ಬಿಟ್ಟ.

"ನಡುಗುದಾದ್ರೆ ನಡುಗು… ಇವತ್ತು ನಿನ್ನನ್ನು ತಡೆಯುದಿಲ್ಲ."

ಹಗುರವಾಗಿ ಬೀಸಿದ. ಎಷ್ಟೋ ಕಾಲದ ಮೇಲೆ ಗಾಳ ನೆನೆಸಿದ ಜಾಗಕ್ಕೇ ಹೋಗಿ ಬಿತ್ತು… ಬೇರಿನ ಬುಡಕ್ಕೆ.

ಅವನು ಎಳೆಯಲಿಲ್ಲ. ದಾರ ಬಿಗಿಯಾಗಿರುವಂತೆ ಹಿಡಿದು ಸುಮ್ಮನೆ ನಿಂತ.

ಕೈಯ ನಡುಕ ಕೋಲಿಗೆ ಇಳಿಯಿತು, ಕೋಲಿನಿಂದ ದಾರಕ್ಕೆ, ದಾರದಿಂದ ನೀರೊಳಗೆ… ಅಲ್ಲಿ ಆ ರಬ್ಬರ್ ಮೀನು ಗಾಯಗೊಂಡ ಮರಿಯಂತೆ ನಿಂತಲ್ಲೇ ಪಟಪಟ ಅದುರತೊಡಗಿತು.

ಬೇಕೆಂದೇ ಮಾಡಹೊರಟರೆ ಯಾವ ಚಾಂಪಿಯನ್ನನಿಗೂ ಬಾರದ, ಎಡೆಬಿಡದ ಸಣ್ಣ ಅದುರು ಅದು!

ಧಡ್!

ಕೋಲು ನೀರಿಗೆ ಮುಟ್ಟುವಷ್ಟು ಬಾಗಿತು. "ಬೇರಿಗೆ ನುಗ್ಲಿಕ್ಕೆ ಬಿಡ್ಬೇಡಿ!" ರಝಾಕ್ ಕೂಗಿಕೊಂಡ.

ಮೀನು ಎಳೆದಾಗ ದಾರ ಬಿಟ್ಟು, ದಣಿದಾಗ ಸುತ್ತಿ… ಇಷ್ಟು ವರ್ಷಗಳ ಅನುಭವವೆಲ್ಲ ಒಮ್ಮೆಲೇ ತೋಳಿಗೆ ಬಂದಿತ್ತು. ಕೈ ನಡುಗುತ್ತಿದೆಯೋ ಇಲ್ಲವೋ ಎಂದು ನೋಡುವ ಪುರುಸೊತ್ತೇ ಅವನಿಗಿರಲಿಲ್ಲ.

ದೋಣಿಯಲ್ಲಿದ್ದ ತೀರ್ಪುಗಾರರು ಅಳೆದರು. ಆ ದಿನದ ಅತಿ ಉದ್ದದ ಮೀನು!

ಸಂಜೆ ಕಪ್ ಕೊಟ್ಟ ಮೇಲೆ ನಿರೂಪಕಿ ಮೈಕ್ ಚಾಚಿದಳು. "ಸರ್, ಯಾರಿಗೂ ಸಿಗದ ಮೀನು ನಿಮಗೆ ಹೇಗೆ ಸಿಕ್ಕಿತು? ಏನು ಗುಟ್ಟು?"

ಸಿದ್ಧ ಮಾಡಿಕೊಂಡಿದ್ದ ವಿದಾಯದ ಮಾತು ನಾಲಿಗೆಯ ತುದಿಯಲ್ಲೇ ನಿಂತಿತು. ವಲೇರಿಯನ್ ಕಪ್ ಕೆಳಗಿಟ್ಟು, ಎಲ್ಲರೆದುರು ಬಲಗೈ ಎತ್ತಿ ಹಿಡಿದ.

ಅದು ನಡುಗುತ್ತಿತ್ತು…

"ಇದೇ ಗುಟ್ಟು. ತುಂಬಾ ಸಮಯದಿಂದ ಹೀಗೆ ಉಂಟು. ನಾಚಿಕೆ ಅಂತ ಅಡಗಿಸಿದೆ, ಸೋತೆ. ಇವತ್ತು ಮೀನನ್ನು ಕರೆದದ್ದು ಈ ನಡುಕವೇ. ಮುಂದಿನ ಸ್ಪರ್ಧೆಗೂ ಬರ್ತೇನೆ… ಇದೇ ಕೈಯಲ್ಲಿ."

ಆಗ ಹಿಂದಿನ ಸಾಲಿನಿಂದ ಒಬ್ಬ ವೃದ್ಧರು ಎದ್ದು ಬಂದರು. ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದ ವಾಮನ ಶೆಣೈ. ಬಲಗೈ ಪ್ಯಾಂಟಿನ ಜೇಬಿನೊಳಗಿತ್ತು.

ವೇದಿಕೆ ಹತ್ತಿ ನಿಧಾನವಾಗಿ ಆ ಕೈ ಹೊರಗೆ ತೆಗೆದರು. ಅದು ವಲೇರಿಯನ್ನನ ಕೈಗಿಂತಲೂ ಜೋರಾಗಿ ನಡುಗುತ್ತಿತ್ತು.

"ಜನ ನೋಡ್ತಾರೆ ಅಂತ ಯಾರಿಗೂ ಕೈ ಕೊಡದೆ ವರ್ಷಗಟ್ಟಲೆ ಆಯ್ತು…" ಅವರು ಕೈಯನ್ನು ಮುಂದೆ ಚಾಚಿದರು. "ನಿಮಗೆ ಕೊಡ್ಲಾ?"

ವಲೇರಿಯನ್ ಎರಡೂ ಕೈಗಳಲ್ಲಿ ಆ ಕೈಯನ್ನು ಹಿಡಿದುಕೊಂಡ. ಯಾರ ಕೈ ನಡುಗುತ್ತಿದೆ ಎಂದು ಯಾರಿಗೂ ತಿಳಿಯಲಿಲ್ಲ… ಮುಂದಿನ ಸಾಲಿನಲ್ಲಿ ಜೆಸಿಂತಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ಕೊರತೆಯನ್ನು ಅಡಗಿಸಿದರೆ ಅದು ನಮ್ಮನ್ನು ಆಳುತ್ತದೆ. ಒಪ್ಪಿಕೊಂಡರೆ ನಮಗಾಗಿ ದುಡಿಯುತ್ತದೆ.

ಯಾರಿಗೂ ಕಾಣದಂತೆ ನೀವು ಜೇಬಿನೊಳಗೆ ಇಟ್ಟುಕೊಂಡಿರುವುದೇನು… ಇವತ್ತು ಒಮ್ಮೆ ಹೊರಗೆ ತೆಗೆಯುತ್ತೀರಾ?